ಖುಳಿಯ ನಾಲ್ಕು ಮಗ್ಗ

ಇಚಲಕರಂಜಿಯಲ್ಲಿ ನನ್ನನ್ನು 'ಖುಳಿ' ಅನ್ನದವರೇ ಕಡಿಮೆ. ಮರಾಠಿಯಲ್ಲಿ ತಲೆಕೆಟ್ಟವಳು ಅಂತ ಅರ್ಥ. ಆದರೆ ಗಂಡ ರಾಮಲಿಂಗ ನಗುತ್ತ "ಏ ಖುಳೀ" ಅಂದರೆ ಇನ್ನೊಂದು ರೊಟ್ಟಿ ಬೇಕು ಅಂತ. ಓಣಿಯ ನಾಗೂಬಾಯಿ ಹಾಗಂದರೆ ಅದು, ಜ್ವರದಲ್ಲೂ ಕೆಲಸಕ್ಕೆ ಹೊರಟವಳ ಮೇಲಿನ ಮರುಕ. ಇಬ್ಬರಿಗೂ ನಾನು ಹೂಂ ಅಂದಿದ್ದೇನೆ.

ನಮ್ಮ ಕರೆಂಟು ಮಗ್ಗದ ಶೆಡ್ಡಿನ ಮುಕಾದಮ, ಅಂದರೆ ಮೇಸ್ತ್ರಿ, ಬಾಪೂಸಾಹೇಬನದೇ ಬೇರೆ. ಅವನ ಕೈಕೆಳಗೆ ಹನ್ನೊಂದು ವರ್ಷದಿಂದ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದೇನೆ. ಹೋದ ವಾರ ನಾಲ್ಕು ಮಗ್ಗ ನಡೆಸುತ್ತಿದ್ದ ಧನರಾಜ ಕೆಲಸ ಬಿಟ್ಟ. ಅವನ್ನು ನನಗೆ ಕೊಡಿ ಅಂತ ಮಾಲಕರಾದ ಜಿನಗೊಂಡ ಅಣ್ಣನನ್ನೇ ಕೇಳಿದೆ. ಹೆಂಗಸರು ಕಂಡಿಕೆ ಸುತ್ತಬೇಕು, ಗಂಡಸರು ಮಗ್ಗ ನಡೆಸಬೇಕು ಎಂಬುದು ನಮ್ಮ ಶೆಡ್ಡಿನ ಕಾಯಿದೆ. ಯಾವ ಪುಣ್ಯಾತ್ಮ ಬರೆದನೋ ಗೊತ್ತಿಲ್ಲ.

ಅಣ್ಣ ಶೆಡ್ಡಿಗೆ ಬಂದು ಮುಕಾದಮನನ್ನು ವಿಚಾರಿಸಿದರು. ಮಗ್ಗದ ಸದ್ದಿನಲ್ಲಿ ಇಲ್ಲಿ ಯಾರ ಮಾತೂ ಕೇಳುವುದಿಲ್ಲ, ನಾವೆಲ್ಲ ತುಟಿ ನೋಡಿಯೇ ಮಾತು ತಿಳಿಯುವವರು. ಬಾಪೂಸಾಹೇಬ ಅದನ್ನು ಮರೆತು, ಅಣ್ಣನ ಕಿವಿಗೆ ಬಾಯಿ ಹಚ್ಚಿ "ಖುಳಿ ಆಹೇ ತೀ", ಅವಳು ತಲೆಕೆಟ್ಟವಳು, ಅಂದ. ಅಣ್ಣ ನಕ್ಕರು.

ಎದ್ದು ಹೋಗಿ ಮೇನ್ ಸ್ವಿಚ್ ಎಳೆದೆ. ಓಡುತ್ತಿದ್ದ ಇಪ್ಪತ್ತನಾಲ್ಕು ಮಗ್ಗ ಒಮ್ಮೆಗೇ ನಿಂತವು.

"ಈಗ ಅನ್ರಿ. ಎಲ್ಲಾರಿಗೂ ಕೇಳಲಿ."

ಬಾಪೂಸಾಹೇಬ ಹಲ್ಲು ಕಿರಿದ. "ಅಗ ಮಲಕವ್ವಾ, ಪ್ರೀತೀಲೆ ಅಂದೆ. ನಿನ್ನ ಗಂಡ ಅನ್ನೂದಿಲ್ಲೇನ?"

"ಅಂವ ಅಂದ್ರ ನನ್ನ ಮಗ್ಗ ಕೈ ಬಿಟ್ಟು ಹೋಗೂದಿಲ್ರಿ. ನೀವು ಅಂದ್ರ ಹೋಗತಾವು."

ಅಣ್ಣ ಕೇಳಿದರು, "ಮಲಕವ್ವಾ, ನಿನಗ ಮಗ್ಗ ನಡಸಾಕ ಬರತೈತೇನು?"

ನಾನು ಮಗ್ಗದ ಗಂಡಸರ ಕಡೆ ತಿರುಗಿದೆ. "ನೀವು ಚಹಾಕ್ಕ ಹೋದಾಗ ನಿಮ್ಮ ಮಗ್ಗ ಯಾರು ನಡಸ್ತಾರ? ಎಳಿ ಹರಿದ್ರ ಯಾರು ಕೂಡಸ್ತಾರ? ಹೇಳ್ರಿ!"

ಎಷ್ಟು ವರ್ಷ ಬಿಟ್ಟಿ ದುಡಿದಿದ್ದೇನೆ ಇವರಿಗೆ! ಅವರಲ್ಲಿ ಅವಿನಾಶನೊಬ್ಬ ಮುಂದೆ ಬಂದು, "ಮಲಕವ್ವಕ್ಕಾನ ನಡಸ್ತಾಳ್ರಿ, ಅಣ್ಣಾ," ಅಂದ.

ಅಣ್ಣ ಮುಕಾದಮನ ಮುಖ ನೋಡಿದರು, ನನ್ನ ಮುಖ ನೋಡಿದರು. "ಆತು, ನಾಳಿಂದ ನಡಸು. ನೋಡೂಣು."

"ನಾಳಿಂದ ಯಾಕ್ರಿ?" ಅಂದೆ.

ಸ್ವಿಚ್ ಹಾಕಿ, ಧನರಾಜ ಬಿಟ್ಟುಹೋದ ಮೊದಲನೇ ಮಗ್ಗದ ಹಿಡಿಕೆ ಎಳೆದೆ. ಲಾಳಿ ಓಡಿತು. ಬಾಪೂಸಾಹೇಬ ಇನ್ನೂ ಅಲ್ಲೇ ನಿಂತಿದ್ದ. ಅವನ ಕಡೆ ತಿರುಗಿ, ಆ ಸದ್ದಿನಲ್ಲೂ ತಿಳಿಯುವ ಹಾಗೆ ತುಟಿ ಬಿಡಿಸಿ ಹೇಳಿದೆ: "ಸುಮ್ನ ಯಾಕ ನಿಂತೀರಿ? ಕಂಡಿಕಿ ತಗೊಂಡ ಬರ್ರಿ."