ಔರಾದಿನ ಮಣ್ಣು

“ಆ ಚೀಲ ಬಿಸಿಲಾಗ ಇಡಬ್ಯಾಡ್ರಿ,” ಎಂದು ಶಾಕಿರಾ ಬೇಗಂ ಎರಡನೆಯ ಸಲ ಹೇಳುವಷ್ಟರಲ್ಲಿ ವೈಜಿನಾಥ ಅದನ್ನು ಅಂಗಳದ ಕಲ್ಲಿನ ಮೇಲೆ ಧೊಪ್ಪನೆ ಹಾಕಿಯಾಗಿತ್ತು.

“ದಾರಿಗಿ ಅಡ್ಡ ಆಗ್ಯಾದರಿ ಮೇಡಂ. ಕಾಕಾನ ಹೊರಗ ತರಬೇಕಲ್ಲ.”

ಅವನ ಕಾಕಾ ಎಂದರೆ ಕಾಶೀರಾಮ ಮಾಸ್ತರರು. ಬೀದರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ, ನಿವೃತ್ತರಾಗಿ, ಭಾಲ್ಕಿಯ ಈ ಮನೆಗೆ ಮರಳಿದ್ದವರು. ಈಗ ಬಿಳಿ ಬಟ್ಟೆ ಹೊದ್ದು ಪಡಸಾಲೆಯಲ್ಲಿ ಮಲಗಿದ್ದರು. ತಲೆಯ ಬಳಿ ಇಟ್ಟ ಮೇಣದ ಬತ್ತಿಗಳು ಹಚ್ಚುವ ಮೊದಲೇ ಏಪ್ರಿಲ್ಲಿನ ಸೆಕೆಗೆ ಬಾಗಿಕೊಂಡಿದ್ದವು. ಬರ ಬಿದ್ದು ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಹೋಗುತ್ತಿದ್ದ ವರ್ಷ ಅದು.

“ನಿನ್ನಿ ಔರಾದಕ್ಕ ಹೋಗಬ್ಯಾಡ್ರಿ ಅಂದೆ,” ಕಾಂತಾಬಾಯಿ ಗಂಡನ ಕಾಲ ಬಳಿ ಕೂತು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. “ಮಣ್ಣು ತರ್ತೇನಿ ಅಂತ ಹೋದ್ರು. ತಂದ್ರು. ಎದಿ ಹಿಡಕೊಂಡು ಮಲಗಿದ್ರು. ಆಯ್ತು.”

ಶಾಕಿರಾ ಮಾಸ್ತರರ ಶಿಷ್ಯೆ, ಈಗ ಅದೇ ಕಾಲೇಜಿನಲ್ಲಿ ಅಧ್ಯಾಪಕಿ. ಬೆಳಗಿನ ಬಸ್ಸಿಗೆ ಬಂದವಳು ಆ ಮಣ್ಣಿನ ಚೀಲವನ್ನು ಕೇಳಲು ಒಂದು ಸಂದಿಗಾಗಿ ಕಾಯುತ್ತಲೇ ಇದ್ದಳು.

“ಒಳಗ ಜೀವ ಅವರಿ, ವೈಜಿನಾಥ. ಬಿಸಿಲಿಗಿ ಸಾಯ್ತಾವು. ನಾ ಒಯ್ತೇನಿ ಅಂದ್ರ...”

“ಮೇಡಂ, ಇಲ್ಲಿ ನಮ್ಮ ಕಾಕಾನ ಜೀವ ಹೋಗ್ಯಾದ. ನಿಮ್ಗ ಹುಳದ ಚಿಂತಿ.”

ಹೆಂಗಸರು ತಿರುಗಿ ನೋಡಿದರು. ಶಾಕಿರಾ ಚೀಲವನ್ನು ನೀರಿನ ಡ್ರಮ್ಮಿನ ನೆರಳಿಗೆ ಎಳೆದಳು. ಡ್ರಮ್ಮು ಖಾಲಿಯಿತ್ತು.

*

ಎಪ್ಪತ್ತೆರಡರ ಬರದಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಮಾಸ್ತರರು ಔರಾದಿನ ಹೊಲವೊಂದರ ಬಿರುಕಿನಿಂದ ಗಸಗಸೆ ಕಾಳಿಗಿಂತ ಸಣ್ಣ ಹುಳ ಹೆಕ್ಕಿದ್ದರು. ಬಾಲದ ತುದಿಯಲ್ಲಿ ಮುಳ್ಳುಗಳು. ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಹೊಸ ಜಾತಿಯೆಂದು ಹೆಸರಿಟ್ಟರು. ಬದುಕಿನಲ್ಲಿ ಅವರಿಗೆ ಸಿಕ್ಕ ಕೀರ್ತಿ ಅದೊಂದೇ.

ನಿವೃತ್ತಿಯ ನಂತರ ಹುಳಗಳನ್ನು ಅಂಟಿಸಿಟ್ಟಿದ್ದ ಹಳೆಯ ಗಾಜಿನ ಪಟ್ಟಿಗಳನ್ನೆಲ್ಲ ತೆಗೆದು ಮತ್ತೆ ನೋಡತೊಡಗಿದರು. ಮೂರು ವರ್ಷದ ಹಿಂದೆ ಒಂದು ದಿನ ಶಾಕಿರಾಳನ್ನು ಕರೆಸಿ ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದರು.

“ಪೊರಿ ಬಿಡೋವಾಗ ಸತ್ತದ್ದು ಇದು. ಏನ್ ಕಾಣ್ತದ?”

“ಹೊರಗಿನ ಪೊರಿಗಿ ಮುಳ್ಳು ಅವ ಸರ್. ಒಳಗಿನ ಮೈಗಿ ಇಲ್ಲ.”

“ಮುಳ್ಳಿಲ್ಲದ್ದು ಯಾವುದು?”

ಎಲ್ಲ ಹೊಲದಲ್ಲೂ ಸಿಗುವ ಮಾಮೂಲಿ ಹುಳ.

“ಬರಕ್ಕ ಮೈ ಬದಲಿಸ್ಯಾದ, ಅಷ್ಟೇ. ನಾ ಬ್ಯಾರೆ ಜಾತಿ ಅಂದೆ. ಅದೇ ವರ್ಷ ನಮ್ಮವ್ವ ಪುಣೆ ಕಡಿ ಕಲ್ಲು ಒಡಿಲಾಕ ಹೋಗಿ ತಿರುಗಿ ಬಂದ್ರ ನಮ್ಮ ಸಣ್ಣ ತಂಗಿ ಗುರ್ತಾ ಹಿಡೀಲಿಲ್ಲ. ಯಾರೋ ಬಂದಾರಂತ ಬಾಗಲಾ ಹಾಕಿದ್ಲು.”

“ಒಂದೇ ಹುಳದ ಮ್ಯಾಲ ಹ್ಯಾಂಗ ಹೇಳ್ತೀರಿ ಸರ್?”

“ಅದಕ್ಕ ಅಂತಾದ್ದೊಂದು ಬರ ಬರ್ಲಿ. ಮುಳ್ಳಿದ್ದವು ಜೀವಂತ ತರ್ತೇನಿ. ನೀರು ಚಿಮುಕಿಸಿ ಕಾಯ್ತೇನಿ. ಮುಳ್ಳು ಬಿಟ್ಟ್ವು ಅಂದ್ರ ನಾ ಇಟ್ಟ ಹೆಸರು ನಾನೇ ತೆಗಿತೇನಿ.”

ಬರಗಾಲಕ್ಕಾಗಿ ಕಾಯುವ ಮನುಷ್ಯನನ್ನು ಅವಳು ಮೊದಲ ಸಲ ಕಂಡಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ಸಿಟ್ಟು ಬಂದಿತ್ತು.

*

ಗುಂಡಿ ತೋಡಲು ಆಳುಗಳಿರಲಿಲ್ಲ. ದುಡಿಯುವವರೆಲ್ಲ ಹೈದರಾಬಾದಿಗೆ ಹೋಗಿದ್ದರು. ಜೆಸಿಬಿ ತೋಡಿತ್ತು, ಎದ್ದು ಬಂದದ್ದೆಲ್ಲ ತಲೆಗಾತ್ರದ ಹೆಂಟೆ. ದೇಹವನ್ನು ಇಳಿಸಿ, ಬೌದ್ಧ ಭಿಕ್ಷು ಭಂತೇಜಿ ವಂದನೆ ಮುಗಿಸಿ, ಒಬ್ಬೊಬ್ಬರೂ ಮುಷ್ಟಿ ಮಣ್ಣು ಹಾಕಿರಿ ಎಂದಾಗ ಮಂದಿ ಮುಖ ಮುಖ ನೋಡಿಕೊಂಡರು.

“ಇಂಥಾ ಹೆಂಟಿ ಒಗದ್ರ ಮಾಸ್ತರ್ ಎದ್ದು ಕೂಡ್ತಾನ,” ಎಂದ ನೆರೆಮನೆಯ ಮುದುಕ ನರಸಿಂಗ.

“ತಡೀರಿ,” ಎಂದು ವೈಜಿನಾಥ ದೇಹ ತಂದಿದ್ದ ಟ್ರ್ಯಾಕ್ಟರಿನತ್ತ ಓಡಿದ. ಮರಳಿ ಬಂದಾಗ ಅವನ ಹೆಗಲ ಮೇಲೆ ಮನೆಯಿಂದ ಹೇರಿಕೊಂಡು ಬಂದಿದ್ದ ಆ ಚೀಲವಿತ್ತು. “ಕಾಕಾ ಕೊನೀಗಿ ತಂದ ಮಣ್ಣು. ಮೆತ್ತಗದ. ಇದೇ ಹಾಕೋಣು.”

ಶಾಕಿರಾ ಮುಂದೆ ಬಂದಳು. ಬೈಯಬೇಕೆಂದರೆ ಅವನು ನಿಜವಾಗಿ ಅಳುತ್ತಿದ್ದ. ಮೂರ್ಖನೋ ಕಳ್ಳನೋ ಆಗಿದ್ದರೆ ಮಾತಾಡಬಹುದಿತ್ತು.

ಅವನು ಎಲ್ಲರ ಕೈಗೂ ಹಂಚಿದ. ಚೀಲ ಝಾಡಿಸಿ ಕೊನೆಯ ಮುಷ್ಟಿಯನ್ನು ಕಾಕಿಗೆ ಕೊಟ್ಟ. ಗಂಡಸರು ಹಾಕಿ ಕೈ ಮುಗಿದು ಸರಿದರು. ಹೆಂಗಸರ ಸಾಲಿನಲ್ಲಿ ಮೊದಲಿಗಳಾದ ಶಾಕಿರಾ ಗುಂಡಿಯ ಅಂಚಿಗೆ ಹೋಗಿ ಹಾಗೇ ನಿಂತಳು. ಮುಷ್ಟಿ ಬಿಚ್ಚಲಿಲ್ಲ.

“ಹಾಕ್ರಿ ಮೇಡಂ,” ಎಂದ ನರಸಿಂಗ. “ಬಿಸಿಲು ಭಾಳ ಅದ. ಇಲ್ಲಂದ್ರ ಇನ್ನೊಂದು ಗುಂಡಿ ತೋಡಬೇಕಾಗ್ತದ.”

ಕಾಂತಾಬಾಯಿ ಪಕ್ಕಕ್ಕೆ ಬಂದರು. ದನಿ ತಗ್ಗಿಸಿ ಕೇಳಿದರು, “ಅದರಾಗ ಆ ಹುಳ ಅವೇನು?”

“ನೋಡಿದ್ರ ಗೊತ್ತಾಗ್ತದರಿ.”

“ಒಂದು ಮುಷ್ಟ್ಯಾಗಿನವು ಸಾಲ್ತಾವೇನು?”

“ಇಲ್ರಿ.”

ಕಾಂತಾಬಾಯಿ ಬೇಸರದಿಂದ ಗುಂಡಿಯೊಳಗೆ ಒಮ್ಮೆ ನೋಡಿದರು, ಊಟಕ್ಕೆ ಕರೆದರೂ ಏಳದ ಗಂಡನನ್ನು ನೋಡುವ ಹಾಗೆ. ಬಿಳಿ ಸೀರೆಯ ಸೆರಗನ್ನು ಎರಡೂ ಕೈಯಿಂದ ಚಾಚಿ ಹಿಡಿದರು. ಅವರ ಮುಷ್ಟಿಯ ಮಣ್ಣು ಮೊದಲು ಅದರಲ್ಲಿ ಬಿತ್ತು.

“ಎಲ್ಲಾರೂ ಇದ್ರಾಗ ಹಾಕ್ರಿ.”

“ಕಾಕಿ, ಇದ್ಯಾವ ರಿವಾಜು?” ಎಂದ ವೈಜಿನಾಥ.

“ನಲವತ್ತು ವರ್ಷ ನನ್ನ ತಲಿ ತಿಂದ ಮಣ್ಣಿದು. ಕೆಲಸ ಮುಗಿಲಿಲ್ಲಂದ್ರ ಅಲ್ಲಿಂದನೂ ತಿಂತಾರ. ನಿಮ್ಮ ಕಾಕಾ ಹೆಂಟಿ ತಡೀತಾರ, ನೀ ಹೆಂಟಿ ಹಾಕು.”

ಹೆಂಗಸರು ಒಬ್ಬೊಬ್ಬರಾಗಿ ಬಂದು, ಅರ್ಥವಾಗದೆಯೂ, ಸೆರಗಿಗೆ ಮಣ್ಣು ಹಾಕಿ ಗುಂಡಿಗೆ ಕೈ ಮುಗಿದರು. ಯಾರೋ ಕಾಂತಾಬಾಯಿಗೆ ಕುಡಿಯಲೆಂದು ನೀರಿನ ಬಾಟಲಿ ಕೊಟ್ಟರು. ಅವರು ಕುಡಿಯಲಿಲ್ಲ. ಸೆರಗಿನ ಒಂದು ತುದಿಯನ್ನು ಶಾಕಿರಾಳ ಕೈಗಿತ್ತು, ಅಂಗೈಗೆ ನೀರು ಸುರಿದುಕೊಂಡು, ಬೆರಳುಗಳಿಂದ ಮಣ್ಣಿನ ಮೇಲೆ ಮೆಲ್ಲಗೆ ಚಿಮುಕಿಸತೊಡಗಿದರು. ಹಿಂದೆ ಹೆಂಟೆಗಳು ಒಂದೊಂದಾಗಿ ಬೀಳುತ್ತಿದ್ದವು. ಬಿಳಿಯ ಸೆರಗಿನಲ್ಲಿ ಕಪ್ಪು ಒದ್ದೆ ನಿಧಾನವಾಗಿ ಹರಡುತ್ತ ಅವರ ತೋಳಿನ ತನಕ ಬಂತು.