ಕಾಡಿಗೆ ಹೊರಟವಳ ಚೂರಿ

ಕಡಿಯಾಳಿಯ ಯಜ್ಞನಾರಾಯಣ ಭಟ್ಟರಿಗೆ ದೇವರ ಮುಂದೆ ನಿಂತಾಗ ಯಾವ ಗೊಂದಲವೂ ಇರುವುದಿಲ್ಲ. ಯಾವ ದೇವರಿಗೆ ಯಾವ ಹೂ, ಯಾವ ಹೊತ್ತಿಗೆ ಯಾವ ನೈವೇದ್ಯ, ಎಲ್ಲ ನಿದ್ದೆಯಲ್ಲಿ ಕೇಳಿದರೂ ಹೇಳಿಯಾರು. ಅಂಥವರು ಆ ದಿನ ಉಡುಪಿ ಪೇಟೆಯ ಅಂಗಡಿಯೊಂದರಲ್ಲಿ ಚೂರಿಗಳನ್ನು ಮುಂದೆ ಹರವಿಕೊಂಡು ಪೆಚ್ಚಾಗಿ ಕುಳಿತಿದ್ದರು.

ಚೂರಿ ಮಗಳಿಗೆ. ಶ್ರೀವಾಣಿಗೆ ಕಾಡಿನ ಗಿಡಮರಗಳ ಅಧ್ಯಯನದ ಕೆಲಸ ಸಿಕ್ಕಿತ್ತು. ಮೊದಲು ಕಾರ್ಕಳದಾಚೆ ಘಟ್ಟದ ಬುಡದಲ್ಲಿ ತರಬೇತಿ. ಕೊನೆಗೆ ಕಾಡಿನೊಳಗೆ ಒಬ್ಬೊಬ್ಬರೇ ಕೆಲವು ದಿನ ಬದುಕಿ ಬರಬೇಕು. ಚೂರಿ ಅವರವರೇ ತರಬೇಕಂತೆ. ಭಟ್ಟರು ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆಗ ಅವಳೆಂದಳು: "ಅಪ್ಪ, ಚೂರಿ ನೀವೇ ಆರಿಸಿ ಕೊಡಿ. ಕೊಟ್ಟರೆ ಹೋಗುತ್ತೇನೆ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಫೋನ್ ಮಾಡಿ ಕೆಲಸ ಬೇಡ ಅಂತ ಹೇಳಿಬಿಡುತ್ತೇನೆ."

ಆರಿಸಿದರೆ ತಾವೇ ಮಗಳನ್ನು ಕಾಡಿಗೆ ಅಟ್ಟಿದ ಹಾಗೆ. ಆರಿಸದಿದ್ದರೆ ಅವಳ ಅನ್ನಕ್ಕೆ ಕಲ್ಲು ಹಾಕಿದ ಹಾಗೆ.

"ಭಟ್ರೇ, ಮಗಳಿಗೆ ಕಾಡಲ್ಲಿ ಎಂತ ಕೊಯ್ಯಲಿಕ್ಕುಂಟು?" ಅಂಗಡಿಯ ಡೆನ್ವರ್ ಕೇಳಿದ.

"ಕಾಡಲ್ಲಿ ಎಂತ ಉಂಟೋ ಅದನ್ನು."

"ಕಾಡಲ್ಲಿ ಹುಲಿಯೂ ಉಂಟಲ್ವಾ?" ಭಟ್ಟರ ಮುಖ ನೋಡಿ ಡೆನ್ವರ್ ದನಿ ತಗ್ಗಿಸಿದ. "ತಮಾಷೆಗೆ ಹೇಳಿದ್ದು."

ಮಡಚುವುದು, ಮಡಚದ್ದು, ಹಿಡಿಯ ತುದಿಯಲ್ಲಿ ದಿಕ್ಸೂಚಿ ಇರುವುದು, ಬೆನ್ನಿಗೆ ಗರಗಸದ ಹಲ್ಲಿರುವುದು. ಒಂದನ್ನು ಎತ್ತಿ, "ಇದು ಒಳ್ಳೆ ಮಾಲು" ಎಂದ. ಅದರ ಒರೆ ತೊಗಲಿನದು. ಭಟ್ಟರು ಹಿಂದೆ ಸರಿದರು. ದೇವರ ಮುಂದೆ ಇಡದೆ ಮಗಳಿಗೆ ಕೊಡುವುದುಂಟೆ? ತೊಗಲನ್ನು ದೇವರ ಕೋಣೆಗೆ ಒಯ್ಯುವುದುಂಟೆ?

"ಹಾಗಾದರೆ ಪ್ಲಾಸ್ಟಿಕ್ ಒರೆಯದ್ದು ತಗೊಳ್ಳಿ."

"ಅದು ಗಟ್ಟಿಯಾ ಮಾರಾಯ?"

"ನನಗೆಂತ ಗೊತ್ತು ಭಟ್ರೇ? ನಾನು ಕಾಡಿಗೆ ಹೋದವನಾ? ಮಲ್ಪೆಗೆ ಮೀನಿಗೆ ಹೋಗುವವನು."

ಒಂದನ್ನು ಮರಳಿಸುವ ಮಾತಿನ ಮೇಲೆ, ಮಡಚುವುದೊಂದನ್ನೂ ಪ್ಲಾಸ್ಟಿಕ್ ಒರೆಯ ಮಡಚದ್ದೊಂದನ್ನೂ ಮನೆಗೆ ತಂದರು. ದೇವರ ಮುಂದಿಟ್ಟು, ಮೂರ್ತಿಯ ಮುಡಿಗೆ ಹೂವೇರಿಸಿ ಪ್ರಸಾದ ಕೇಳಿದರು: ಮಡಚುವುದಾದರೆ ಬಲಕ್ಕೆ ಬೀಳಲಿ, ಮಡಚದ್ದಾದರೆ ಎಡಕ್ಕೆ. ಕಾದರು. ಬತ್ತಿ ಸಣ್ಣದಾಯಿತು, ಹೂ ಅಲುಗಲಿಲ್ಲ.

ಹೆಂಡತಿ ಸುಭಾಷಿಣಿ ಬಾಗಿಲಲ್ಲಿ ನಿಂತು ನೋಡಿದರು. "ಚೂರಿಯ ವ್ಯಾಪಾರವನ್ನೂ ದೇವರಿಗೇ ವಹಿಸಿದಿರಾ? ಹೋಗುವವಳ ಹತ್ತಿರ ಒಂದು ಮಾತು ಕೇಳಿದ್ದೀರಾ?"

ಕೇಳಿರಲಿಲ್ಲ. ಭಟ್ಟರು ಮಗಳನ್ನು ಕರೆದರು. ಒದ್ದೆ ಕಟ್ಟಿಗೆ ಸೀಳಿ ಬೆಂಕಿಗೆಂದು ಒಳಗಿನ ಒಣ ತಿರುಳು ತೆಗೆಯಬೇಕು, ಹಗ್ಗ ಕೊಯ್ಯಬೇಕು ಎಂದಳು ಶ್ರೀವಾಣಿ. ಕಾಲು ಉಳುಕಿದರೆ ಊರುಗೋಲು ಕೆತ್ತಿಕೊಳ್ಳಬೇಕು.

"ಕಾಲು ಉಳುಕಿದರೆ ಯಾರನ್ನು ಕರೆಯುತ್ತಿ?"

"ಕೂಗಿದರೆ ಕೇಳುವಷ್ಟು ದೂರದಲ್ಲಿ ಕಲಿಸುವವರು ಇರುತ್ತಾರೆ ಅಪ್ಪ."

ಅದು ನಿಜವೋ, ಅಪ್ಪನ ಸಮಾಧಾನಕ್ಕೆ ಹೇಳಿದ್ದೋ ತಿಳಿಯಲಿಲ್ಲ. ಭಟ್ಟರು ಮಗಳೊಂದಿಗೆ ಹಿತ್ತಿಲಿಗೆ ಹೋಗಿ ಒದ್ದೆ ತೆಂಗಿನ ಮಡಲಿನ ಮೇಲೆ ಎರಡನ್ನೂ ಒತ್ತಿ ನೋಡಿದರು. ಮಡಚುವ ಚೂರಿ ಕೀಲಿನಲ್ಲಿ ಸ್ವಲ್ಪ ಅಲ್ಲಾಡಿತು. ಮಡಚದ್ದು ನೆಟ್ಟಗೆ ಇಳಿಯಿತು. ಆದರೆ ಅದೇ ನೆಟ್ಟಗೆ ಬೆರಳಿಗೆ ಇಳಿದರೆ?

"ಎರಡನ್ನೂ ಒಯ್ಯಬಹುದಲ್ವಾ?"

"ಭಾರ, ಅಪ್ಪ. ಒಂದು ಸಾಕು."

ಭಟ್ಟರು ಮಡಚದ್ದನ್ನು ಒರೆಸಿ ಒರೆಗೆ ಸೇರಿಸಿದರು. ಶ್ರೀವಾಣಿ ಕೈ ಚಾಚಿದಳು. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಸಂಬಂಧ ಹರಿಯುತ್ತದೆಂಬುದು ಆ ಮನೆಯ ನಂಬಿಕೆ. ಅವರು ಚೂರಿಯನ್ನು ತಮ್ಮ ಕಾಲ ಬಳಿ ನೆಲಕ್ಕಿಟ್ಟರು. ತೆಗೆಯಲು ಬಗ್ಗಿದ ಮಗಳ ಬೆರಳು ಪಾದಕ್ಕೆ ತಾಗಿತು. ಚೂರಿಗೆ ಬಗ್ಗಿದಳೋ, ನಮಸ್ಕಾರಕ್ಕೆ ಬಗ್ಗಿದಳೋ? ಭಟ್ಟರಿಗೆ ಅರ್ಥವಾಗುವಷ್ಟರಲ್ಲಿ ಅವರ ಬಲಗೈ ರೂಢಿಯಂತೆ ಅವಳ ತಲೆಯ ಮೇಲೆ ಕುಳಿತಿತ್ತು.

"ಹಾಗಾದರೆ ಹೊರಡಬಹುದಲ್ವಾ ಅಪ್ಪ?"

"ಎಂತ ಮಾಡುವುದು ಇನ್ನು," ಎಂದರು ಭಟ್ಟರು, ಕೈ ತೆಗೆಯದೆ.