ರಸ್ತೆಗೆ ಹಾಕಿದ ಉಪ್ಪು

ಇದು ನಡೆದ ಸಂಗತಿ. ಒಗ್ಗರಣೆಗೆ ನಾಲ್ಕು ಕಾಳು ಸಾಸಿವೆ ಸಿಡಿದಿರಬಹುದು, ಅಷ್ಟೇ. ಉಪ್ಪನ್ನಂತೂ ಒಂದು ಹರಳೂ ಹೆಚ್ಚಿಗೆ ಹಾಕಿಲ್ಲ. ಗುಂಡ್ಲುಪೇಟೆ, ಚಾಮರಾಜನಗರದ ಸೀಮೆಯ ಒಂದು ಸಣ್ಣ ಪುರಸಭೆ. ಯಾವುದು ಎಂದು ಕೇಳಬಾರದು. ಅಂಗಿಗೆ ಗುಂಡಿ ಇಲ್ಲದವರು ಎಷ್ಟೋ ಮಂದಿ ಇದ್ದಾರೆ, ಗುಂಡಿ ಇಲ್ಲದ ರಸ್ತೆ ಮಾತ್ರ ಒಂದೂ ಇಲ್ಲ ಎನ್ನುವಂಥ ಊರು.

ಅಲ್ಲಿ ಪುಟ್ಟರಾಜು ಕಂಪ್ಯೂಟರ್ ಆಪರೇಟರ್. ಮೈಸೂರಿನಲ್ಲಿ ಬಿ.ಎ. ಓದಿದವನು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರಿನ್ಸಿಪಾಲರನ್ನು ಅಣಕಿಸಿ, ಬಹುಮಾನವನ್ನು ಅದೇ ಪ್ರಿನ್ಸಿಪಾಲರ ಕೈಯಿಂದ ಈಸಿಕೊಂಡವನು. ಅವನ ಗಂಟಲಲ್ಲಿ ಹತ್ತಾರು ಜನ ಬಾಡಿಗೆಗಿದ್ದರು. ಅವರಲ್ಲಿ ಇಂಜಿನಿಯರ್ ಮಲ್ಲಿಕಾರ್ಜುನಸ್ವಾಮಿಯವರಂತೂ ಸ್ವಂತ ಮನೆಯನ್ನೇ ಕಟ್ಟಿಕೊಂಡಿದ್ದರು. ಸಾಹೇಬರು ಮೀಟಿಂಗಿಗೆ ಹೋದ ದಿನ ಅವರ ದನಿ ಮಾತ್ರ ರಜೆ ಹಾಕದೆ ಕಚೇರಿಯಲ್ಲೇ ತಿರುಗಾಡುತ್ತಿತ್ತು.

ಡಿಸೆಂಬರಿನ ಮೊದಲ ವಾರ ಯಾವುದೋ ಸಲಹಾ ಸಂಸ್ಥೆಯವರು ಪುರಸಭೆಗಳಿಗೆಲ್ಲ ಆನ್‌ಲೈನ್ ತರಬೇತಿ ಇಟ್ಟರು. ಚಳಿಗಾಲದಲ್ಲಿ ರಸ್ತೆ ನಿರ್ವಹಣೆ, ಅದರ ಉತ್ತಮ ಪದ್ಧತಿಗಳು. ಇಂಜಿನಿಯರು ತಮ್ಮ ಹೆಸರು ಹಾಕಿ ಪುಟ್ಟರಾಜುವನ್ನು ಕೂರಿಸಿದರು. ಪರದೆಯ ಮೇಲೆ ಯಾವುದೋ ದೇಶದ ಬೀದಿಗಳು. ಆನೆಗಾತ್ರದ ಯಂತ್ರಗಳು ಹಿಮವನ್ನು ಬದಿಗೆ ತಳ್ಳುತ್ತಿದ್ದವು, ಹಿಂದಿನಿಂದ ಲಾರಿಗಳು ಉಪ್ಪು ಎರಚುತ್ತಿದ್ದವು. ಉಪ್ಪು ಬಿದ್ದರೆ ಹಿಮ ಕರಗುತ್ತದೆ, ಟೈರು ಜಾರುವುದಿಲ್ಲವಂತೆ. ಪುಟ್ಟರಾಜು ನಕ್ಕೂ ನಕ್ಕೂ ಸುಸ್ತಾದ. ಅವನ ಊರಲ್ಲಿ ಚಳಿಗೆ ಗಟ್ಟಿಯಾಗುವುದು ಕೊಬ್ಬರಿ ಎಣ್ಣೆ ಒಂದೇ.

ಆ ಶನಿವಾರ ಸಂಜೆ ಸಾಹೇಬರು ಚಾಮರಾಜನಗರಕ್ಕೆ ಹೋಗಿದ್ದರು. ಪುಟ್ಟರಾಜು ಕಚೇರಿಯ ಫೋನೆತ್ತಿ ರಸ್ತೆ ಕೆಲಸದ ಗ್ಯಾಂಗ್ ಮೇಸ್ತ್ರಿ ದೊರೆಸ್ವಾಮಿಯ ನಂಬರು ಒತ್ತಿ, ಸಾಹೇಬರ ದನಿಯಲ್ಲಿ ಶುರುಮಾಡಿದ.

"ದೊರೆಸ್ವಾಮೀನಾ? ಕಸದ ಘಟಕದ ರಸ್ತೆಗೆ ಉಪ್ಪು ಹಾಕಿಸಿ."

"ಉಪ್ಪಾ ಸಾ?"

"ಕಲ್ಲುಪ್ಪು ಕಣ್ರೀ. ಚಳಿಗಾಲದ ಹೊಸ ಟೆಕ್ನಾಲಜಿ. ಟೈರು ಜಾರೋದಿಲ್ಲ."

"ಎಷ್ಟು ಹಾಕ್ಸನ ಸಾ?"

"ಸಾರಿಗೆ ಹಾಕೋ ಹಾಗೆ ಚಿಟಿಕೆ ಹಾಕ್ಬೇಡಿ. ಧಾರಾಳವಾಗಿ ಹಾಕಿ. ಫೋಟೊ ಆ್ಯಪ್‌ಗೆ ಬರ್ಬೇಕು."

"ಆಯ್ತು ಸಾ."

ಫೋನಿಟ್ಟು ಪುಟ್ಟರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ಹತ್ತು ನಿಮಿಷ ಬಿಟ್ಟು, 'ದೊರೆಯಣ್ಣಾ, ನಾನು ಕಣಣ್ಣ' ಎಂದು ಹೇಳುವುದು ಅವನ ಲೆಕ್ಕ. ಅಷ್ಟರಲ್ಲಿ ಉಮ್ಮತ್ತೂರಿನ ಬಸ್ಸಿಗೆ ಹೊತ್ತಾಯಿತು. ಅಕ್ಕನ ಮಗುವಿನ ನಾಮಕರಣ. ಸೀಟು ಹಿಡಿಯುವ ಗಡಿಬಿಡಿಯಲ್ಲಿ ದೊರೆಸ್ವಾಮಿ, ಉಪ್ಪು ಎರಡೂ ಮರೆತುಹೋದವು.

ದೊರೆಸ್ವಾಮಿ ಮರೆಯುವ ಆಸಾಮಿಯಲ್ಲ. ಹರವೆ ಎಂಬ ಹಳ್ಳಿಯವನು, ಹತ್ತೊಂಬತ್ತು ವರ್ಷದಿಂದ ದಿನಗೂಲಿ. ಗುಂಡಿ ಮುಚ್ಚುವುದೆಂದರೆ ಅವನಿಗೆ ಮಣ್ಣು ಸುರಿದು ಎದ್ದು ಬರುವ ಕೆಲಸವಲ್ಲ. ಗುಂಡಿಯ ಅಂಚನ್ನು ಚೌಕವಾಗಿ ಕೊಯ್ದು, ಧೂಳು ಗುಡಿಸಿ, ಟಾರು ಬಳಿದು, ಆಮೇಲೆ ಜಲ್ಲಿ ತುಂಬಿ ದಮ್ಮಸ್ಸು ಮಾಡಬೇಕು. ಮಂಜು ಬೀಳುವ ಮೊದಲು ತಿರುವಿನ ಕಲ್ಲುಗಳಿಗೆಲ್ಲ ಸುಣ್ಣ ಹೊಡೆಸಬೇಕು. ಈ ವರ್ಷ ಕೆಲಸ ಕಾಯಂ ಮಾಡುವವರ ಪಟ್ಟಿಯಲ್ಲಿ ಅವನ ಹೆಸರು ಏಳನೆಯದಾಗಿತ್ತು. ಗುರುವಾರ ಇಂಜಿನಿಯರ್ ಸಹಿಯೊಂದಿಗೆ ಪಟ್ಟಿ ಜಿಲ್ಲಾ ಕಚೇರಿಗೆ ಹೋಗಬೇಕು. ಅವನಿಗೆ ಐವತ್ತೈದು ದಾಟಿತ್ತು. ಇನ್ನೊಂದು ಪಟ್ಟಿಗೆ ಕಾಯುವ ವಯಸ್ಸಲ್ಲ.

ಉಪ್ಪಿನ ಮಾತನ್ನು ಅವನು ನಂಬಿದ್ದಕ್ಕೂ ಕಾರಣವಿತ್ತು. ಟಾರಿಗೆ ಪ್ಲಾಸ್ಟಿಕ್ ಚೂರು ಬೆರೆಸಿ ಅಂದಾಗ ನಕ್ಕಿದ್ದ. ಆ ರಸ್ತೆ ಎರಡು ಮಳೆಗಾಲ ತಡೆಯಿತು. ಬೆಂಕಿ ಹಾಕದೆಯೇ ಗುಂಡಿ ಮುಚ್ಚುವ ಚೀಲದ ಟಾರು ಬಂದಾಗಲೂ ನಕ್ಕಿದ್ದ, ಅದೂ ಕಚ್ಚಿಕೊಂಡಿತು. ಎರಡು ಸಲ ನಕ್ಕು ಮುಖ ಸಣ್ಣದು ಮಾಡಿಕೊಂಡವನು ಮೂರನೆಯ ಸಲ ನಗಬಾರದೆಂದು ತೀರ್ಮಾನಿಸಿದ್ದ. ಬಾಮೈದ ತೆಂಗಿನ ಬುಡಕ್ಕೆ ಹಾಕಲು ತಂದಿಟ್ಟಿದ್ದ ನಾಲ್ಕು ಮೂಟೆ ಕಲ್ಲುಪ್ಪನ್ನು ಕೇಳಿ ಪಡೆದು, ಭಾನುವಾರ ನಿಂತು ಎರಚಿಸಿದ. ಮೊದಲು ಒಂದು, ಕೆಲಸ ನಡೆಯುವಾಗ ಒಂದು, ಮುಗಿದ ಮೇಲೆ ಒಂದು, ಹೀಗೆ ಮೂರು ಫೋಟೊ ತೆಗೆದು ಜಿಲ್ಲಾ ಕಚೇರಿಯವರು ನೋಡುವ ಆ್ಯಪ್‌ಗೆ ಏರಿಸಿದ. ಜಾಗ, ಗಂಟೆ, ನಿಮಿಷ ಎಲ್ಲ ಅದರಲ್ಲೇ ಅಚ್ಚಾಗಿದ್ದವು. ಆ್ಯಪ್ ಎಂದರೆ ಅರ್ಧ ಆಪತ್ತು ಎಂಬುದು ಅವನಿಗೇನು ಗೊತ್ತು?

ಸೋಮವಾರ ಹತ್ತಕ್ಕೆ ಪುಟ್ಟರಾಜು ಹೋಳಿಗೆಯ ತೇಗು ತೇಗುತ್ತ ಕಚೇರಿಗೆ ಬಂದರೆ, ಜವಾನ ಚಿಕ್ಕಮಾದಯ್ಯ ಬಾಗಿಲಲ್ಲೇ ಹಿಡಿದುಕೊಂಡ.

"ಗೊತ್ತಾಯ್ತಾ ಪುಟ್ರಾಜು? ನಮ್ ಭಾನು ಕಸದ ಗಾಡಿ ಮೋರಿಗೆ ಬಿದ್ದೋಯ್ತು ಕಣಪ್ಪ. ಮಂಜು ಅಂದ್ರೆ ಮಂಜು, ಮೊಳದುದ್ದ ಕಾಣಲ್ಲ. ಎಲ್ಲೆಲ್ಲಿಂದ್ಲೋ ಬಂದಿದ್ದೊ ಬೀಡಾಡಿ ದನ. ರಸ್ತೆ ತುಂಬ ನಿಂತು ನೆಕ್ತಾ ಇದ್ದೊ!"

"ಏನ ನೆಕ್ತಾ ಇದ್ವು?"

"ಉಪ್ಪ ಕಣಪ್ಪ! ಆ ದೊರೆಸ್ವಾಮಿ ರಸ್ತೆಗೆ ಉಪ್ಪು ಸುರುಸ್ಬುಟ್ಟವ್ನೆ. ತಲೆಗಿಲೆ ಕೆಟ್ಟದಾ ಅವನ್ಗೆ?"

ಹಸುವೊಂದನ್ನು ತಪ್ಪಿಸಲು ಹೋದ ಚಾಲಕಿ ಭಾನುವಿನ ಬಲಗೈ ಮುರಿದಿತ್ತು. ಇಬ್ಬರು ಮಕ್ಕಳ ತಾಯಿ. ಗಾಡಿ ಓಡಿಸಲು ಕಲಿತು ಎರಡು ವರ್ಷವಾಗಿತ್ತು.

ಒಳಗೆ ಇಂಜಿನಿಯರ ದನಿ ಏರಿತ್ತು. ದೊರೆಸ್ವಾಮಿ ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಂತಿದ್ದ.

"ನೀವೇ ಅಲ್ವಾ ಸಾ ಯೋಳಿದ್ದು? ಶನಿವಾರ ಸಾಯಂಕಾಲ, ಆಫೀಸ್ ಫೋನ್ನಲ್ಲಿ."

"ಶನಿವಾರ ಸಾಯಂಕಾಲ ನಾನು ಚಾಮರಾಜನಗರದಲ್ಲಿ ಡಿಸಿ ಮುಂದೆ ಕೂತಿದ್ದೆ ಕಣ್ರೀ! ಸುಳ್ಳಿಗೂ ಒಂದು ಮರ್ಯಾದೆ ಇರ್ಬೇಕು. ಫೋಟೊ ನೋಡಿ ಜಿಲ್ಲೆಯವರೆಲ್ಲ ನಗ್ತಾ ಇದ್ದಾರೆ. ಆ ಹೆಣ್ಮಗಳ ಜೀವ ಹೋಗಿದ್ರೆ?" ಎಂದವರು ಬಾಗಿಲತ್ತ ತಿರುಗಿದರು. "ಪುಟ್ಟರಾಜು, ಇವನಿಗೊಂದು ನೋಟಿಸ್ ಟೈಪ್ ಮಾಡು. ಕಾಯಂ ಪಟ್ಟಿಯಿಂದ ಹೆಸರು ತೆಗೆ."

ಪುಟ್ಟರಾಜು ಬಾಯಿ ತೆರೆದ. ಅಷ್ಟು ಜನ ಬಾಡಿಗೆದಾರರಿದ್ದ ಗಂಟಲಲ್ಲಿ ಆ ಹೊತ್ತಿಗೆ ಒಬ್ಬರೂ ಮನೆಯಲ್ಲಿರಲಿಲ್ಲ. ಹೋಗಿ ಕಂಪ್ಯೂಟರಿನ ಮುಂದೆ ಕುಳಿತ. ಏಳನೆಯ ಸಾಲನ್ನು ಅಳಿಸಿದ. ಎಂಟನೆಯವನು ತಾನಾಗಿಯೇ ಏಳಕ್ಕೆ ಏರಿಕೊಂಡ. ಹತ್ತೊಂಬತ್ತು ವರ್ಷ ಅಳಿಸಲು ಒಂದು ಬೆರಳು ಸಾಕಾಯಿತು.

ಎರಡು ದಿನ ಅವನು ಅನ್ನವನ್ನು ಕಲಸಿ ಕಲಸಿ ತಟ್ಟೆಯಲ್ಲೇ ಬಿಟ್ಟ. ಹೇಳಿದರೆ ತನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ದೊರೆಸ್ವಾಮಿಯದು. ಬುಧವಾರ ಬೆಳಗ್ಗೆ ದೊರೆಸ್ವಾಮಿಯೇ ಅವನ ಮೇಜಿನ ಮುಂದೆ ಬಂದು ನಿಂತ.

"ನೀ ಓದ್ದೋನು ಕಣಪ್ಪ. ನೋಟಿಸ್ಗೆ ಉತ್ತರ ಬರ್ಕೊಡು."

"ಏನಂತ ಬರೀಲಿ ಅಣ್ಣ?"

"ಸಾಹೇಬ್ರು ಸುಳ್ಳು ಯೋಳ್ತಾರಾ? ನನ್ ಕಿವಿಗೇ ಏನೋ ಆಗದೆ. ಇಲ್ದೇ ಇರೋ ಮಾತು ಕೇಳ್ತದೆ ಅಂತ ಬರಿ. ರಾತ್ರಿಯೆಲ್ಲ ಕೂತು ಯೋಚ್ನೆ ಮಾಡ್ದೆ. ನನ್ ಕಿವೀನ ನಾನೇ ನಂಬಂಗಿಲ್ಲ ಅಂದ್ಮೇಲೆ ರಸ್ತೇಲಿ ನಿಂತು ಹತ್ತಾಳ್ಗೆ ಎಂಗ್ ಯೋಳನ ಕೆಲ್ಸಾವ? ಭಾನು ಕೈಗೆ ನಾನೇ ಕಾರಣ ಅಂತ್ಲೂ ಬರಿ."

ಪುಟ್ಟರಾಜು ಎದ್ದ. ದೊರೆಸ್ವಾಮಿಯ ರಟ್ಟೆ ಹಿಡಿದು ಸೀದಾ ಇಂಜಿನಿಯರ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಭಾನು ಪ್ಲಾಸ್ಟರು ಹಾಕಿದ ಕೈಯನ್ನು ಕತ್ತಿಗೆ ನೇತುಹಾಕಿಕೊಂಡು, ರಜೆಯ ಅರ್ಜಿಗೆ ಎಡಗೈ ಹೆಬ್ಬೆಟ್ಟು ಒತ್ತುತ್ತಿದ್ದಳು.

"ಸಾರ್, ಫೋನ್ ಮಾಡಿದ್ದು ನಾನು. ನಿಮ್ಮ ದನೀಲಿ."

ಇಂಜಿನಿಯರು ಕನ್ನಡಕದ ಮೇಲಿಂದ ನೋಡಿದರು. "ಇವನನ್ನ ಉಳಿಸೋಕೆ ಬಂದ್ಯಾ? ನಾನು ಇಪ್ಪತ್ತೆಂಟು ವರ್ಷ ಸರ್ವೀಸ್ ಮಾಡಿದ್ದೀನಿ ಕಣಯ್ಯ. ನನ್ನ ದನಿ ನಿನಗೆಲ್ಲಿಂದ ಬರ್ಬೇಕು? ಸರಿ, ಮಾಡು. ಈಗಲೇ, ನನ್ನೆದುರಿಗೆ."

ಕೆಟ್ಟದಾಗಿ ಮಾಡಿ ಕೈಮುಗಿದರೆ ಮುಗಿಯಿತು. ಒಳ್ಳೆಯ ಹುಡುಗ, ಪಾಪ, ಎಂದುಕೊಂಡು ಬಿಟ್ಟುಬಿಡುತ್ತಾರೆ. ಚೆನ್ನಾಗಿ ಮಾಡಿದರೆ ಮನೆಗೆ. ಪುಟ್ಟರಾಜು ಚೆನ್ನಾಗಿಯೇ ಮಾಡಲು ಹೊರಟ, ಆದರೆ ಗಂಟಲಿಂದ ಬಂದದ್ದು ಮೇಕೆಯ ದನಿ.

"ಇದಾ ನಾನು?" ಎಂದು ಇಂಜಿನಿಯರು ಸಹಿ ಹಾಕಲು ಕಾಯಂ ಪಟ್ಟಿಯನ್ನು ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ಬುಡಿ ಸಾ," ಎಂದ ದೊರೆಸ್ವಾಮಿ. "ನನ್ ಮೇಲಿನ್ ಪ್ರೀತಿಗೆ ಸುಳ್ಳು ಯೋಳ್ತಾವ್ನೆ."

ಪುಟ್ಟರಾಜು ಗೋಡೆಯತ್ತ ತಿರುಗಿದ. ಯಾರ ಮುಖವೂ ಕಾಣದಂತೆ ಕಣ್ಣು ಮುಚ್ಚಿದ. ಉಸಿರು ಎಳೆದು ಕೂಗಿದ:

"ಚಿಕ್ಕಮಾದಯ್ಯಾ! ಜೀಪು ತೆಗೆಸ್ರೀ! ಮೀಟಿಂಗಿಗೆ ಲೇಟಾಯ್ತು. ಟೀ ಕುಡಿಯೋಕೇನ್ರೀ ಸರ್ಕಾರ ನಿಮಗೆಲ್ಲ ಕುರ್ಚಿ ಕೊಟ್ಟಿರೋದು?"

"ಬಂದೆ ಸಾ!" ಎಂದು ಹೊರಗಿನಿಂದ ಕೇಳಿಸಿತು. ಲೋಟವೊಂದು ಉರುಳಿತು. ಜೀಪು ಗುರ್ ಎಂದಿತು. ಚಿಕ್ಕಮಾದಯ್ಯ ಒಳಗೆ ನುಗ್ಗಿ, ಯಾರ ಮುಖವನ್ನೂ ನೋಡದೆ, ಸಾಹೇಬರ ಬ್ಯಾಗು, ಊಟದ ಕ್ಯಾರಿಯರ್ ಎರಡನ್ನೂ ಎತ್ತಿಕೊಂಡ. "ಬನ್ನಿ ಸಾ, ರೆಡಿ."

ಇಂಜಿನಿಯರ ಪೆನ್ನು ಕಾಗದದ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತ್ತು. ಗಂಟಲನ್ನು ಯಾರೋ ಎತ್ತಿಕೊಂಡು ಹೋದರೇನೋ ಎಂಬಂತೆ ಅವರು ಕತ್ತನ್ನು ಮುಟ್ಟಿ ನೋಡಿಕೊಂಡರು. ಪೆನ್ನು ಕೆಳಗಿಟ್ಟು ಮಾತಾಡಿದರು. ಸ್ವಂತ ದನಿಯೇ ಈಗ ಸಾಲ ತಂದದ್ದರಂತೆ ಕೇಳಿಸಿತು.

"ಏಳನೇ ನಂಬರಿಗೆ ಇವನ ಹೆಸರು ಹಾಕು. ಆಮೇಲೆ ನಿನ್ನ ತಪ್ಪೊಪ್ಪಿಗೆ ಟೈಪ್ ಮಾಡು. ನಾಳೆಯಿಂದ ನೀನು ಬರಬೇಡ."

"ಬರ್ಬೇಡ ಅಂದ್ರೆ ಎಂಗೆ ಸಾ?" ಭಾನು ಎದ್ದು ನಿಂತಳು. "ಮುರ್ದಿರದು ನನ್ ಬಲಗೈ. ಅದು ಕೂಡೋಗಂಟ ಗಾಡಿ ಹಿಂದೆ ಓಡಿ ಮನೆಮನೆ ಕಸ ಎತ್ಲಿ ಇವ್ನು. ಬಾಯಿ ಮುಚ್ಕೊಂಡು ಎತ್ಲಿ."

ಇಂಜಿನಿಯರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಬ್ಯಾಗು ಹಿಡಿದು ನಿಂತಿದ್ದ ಚಿಕ್ಕಮಾದಯ್ಯನಿಗೆ ಏನೊಂದೂ ಅರ್ಥವಾಗಿರಲಿಲ್ಲ. "ಸಾ, ಈಗ ಓಗದಾ ಬ್ಯಾಡ್ವಾ? ಡ್ರೈವರು ನೀವು ಹತ್ಕಂಡ್ರಿ ಅಂತ ಗೇಟು ದಾಟ್ಬುಟ್ಟ!"

ಭಾನುವಿನ ಮೂಗಿನಿಂದ ಮೊದಲು ಒಂದು ಸದ್ದು ಹೊರಟಿತು. ಇಂಜಿನಿಯರು ಕನ್ನಡಕ ಒರೆಸುವ ನೆಪದಲ್ಲಿ ಮುಖ ಮುಚ್ಚಿಕೊಂಡರು. ಅವರ ಹೆಗಲು ಕುಣಿಯುತ್ತಿತ್ತು. ದೊರೆಸ್ವಾಮಿ ಮಾತ್ರ ಎರಡೂ ಅಂಗೈಯಿಂದ ಕಿವಿ ಒತ್ತಿಕೊಂಡು ನಿಂತಿದ್ದ. ಆಮೇಲೆ ಮೆಲ್ಲಗೆ ಕೈ ತೆಗೆದ.

"ನೆಟ್ಟಗವೆ ಕಣ್ಲಾ! ನನ್ ಕಿವಿ ನೆಟ್ಟಗೇ ಅವೆ!" ಎಂದವನೇ ಬಾಗಿಲ ಚೌಕಟ್ಟು ಹಿಡಿದು, ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ಅವರೆಲ್ಲರ ನಗೆಯೂ ಅಡಗಿಹೋಗುವಷ್ಟು ಜೋರಾಗಿ ನಕ್ಕ.